ಅಕ್ಕೋರು ಕಲಿಸದ ಶಾರ್ಟ್‌ಕಟ್

ನನ್ನ ಎಡಗೈಗೆ ಒಂದು ಚಟವಿದೆ. ಎಲ್ಲಿ ಕುಳಿತರೂ ಕಿರುಬೆರಳು ಒಂದು ಕಡೆ ಊರಿಕೊಳ್ಳುತ್ತದೆ, ಉಂಗುರದ ಬೆರಳು ಅದರ ಪಕ್ಕದಲ್ಲಿ ಟಪ್ಪೆಂದು ಬೀಳುತ್ತದೆ. ಊಟದ ತಟ್ಟೆಯ ಅಂಚಿನ ಮೇಲೆ, ಸ್ಕೂಟರಿನ ಸೀಟಿನ ಮೇಲೆ, ಬ್ಯಾಂಕಿನ ಕೌಂಟರಿನ ಮೇಲೆ. ಕಳೆದ ಸಲ ಬಿ.ಪಿ. ನೋಡಿಸಲು ಹೋದಾಗ ಡಾಕ್ಟರು, "ಕೈ ಸಡಲ ಬಿಡ್ರಿ, ಏನ್ ಒತ್ತಲಾಕತ್ತೀರಿ?" ಎಂದರು. ಒತ್ತುತ್ತಿದ್ದುದು ಕಂಟ್ರೋಲ್ ಎಸ್. ಕಂಪ್ಯೂಟರಿನಲ್ಲಿ ಮಾಡಿದ ಕೆಲಸ ಕಳೆದುಹೋಗದಂತೆ ಉಳಿಸಿಡುವ ಕೀಲಿ. ನನ್ನ ಹೆಂಡತಿಗೆ ಇದು ರೂಢಿಯಾಗಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗ ತನ್ನ ತೋಳಿನ ಮೇಲೆ ಬೆರಳು ಬಿದ್ದರೆ, "ನನ್ನ ಸೇವ್ ಮಾಡಿ ಏನ್ ಮಾಡ್ತೀರಿ, ಸುಮ್ಮ ಕುಂದರ್ರಿ" ಎನ್ನುತ್ತಾಳೆ.

ಈ ಚಟ ಹತ್ತಿಸಿದವರು ಹೋಗಿ ಈಗ ಒಂದೂವರೆ ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಅವರ ಹೆಸರನ್ನು ಮುದ್ದಾಗಿ ಬರೆದು ಅಂಚು ಕಟ್ಟುವ ಹಕ್ಕು ನನಗಿಲ್ಲ ಎಂಬುದು ಒಂದು ಕಾರಣ. ಅಂಗಡಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ ಎಂಬುದು ಇನ್ನೊಂದು. ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರನ್ನು ಹಾಗೆ ಕರೆಯುತ್ತಾರೆ. ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇವರಿಗಿದ್ದ ವಿದ್ಯಾರ್ಥಿ ನಾನೊಬ್ಬ. ಆಗ ನಲವತ್ತು ವರ್ಷದವನು, ಅವರಿಗಿಂತ ಆರೇಳು ವರ್ಷ ದೊಡ್ಡವನು.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ನಂದೂರಿನ ಬೇಳೆ ಮಿಲ್ಲುಗಳ ಚೀಲದ ಮೇಲಿನ ಲೇಬಲ್ಲು, ಹುಟ್ಟುಹಬ್ಬದ ಬ್ಯಾನರು, ಸತ್ತವರ ಬ್ಯಾನರು. ಎರಡು ಕಂಪ್ಯೂಟರು, ಗಾಳಿಗಿಂತ ಹೆಚ್ಚು ಸದ್ದು ಕೊಡುವ ಒಂದು ಕೂಲರು, ಮತ್ತು ಮಾಲಕರು. ಅಕ್ಕೋರು ದಿನವೂ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹತ್ತಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದಾಗುತ್ತಿತ್ತು. ಓಣಿಯ ಮೂಲೆಯಲ್ಲೇ ಮನೆಯಿದ್ದ ನಾನು ಹತ್ತೂಕಾಲಕ್ಕೆ ಬರುತ್ತಿದ್ದೆ.

ನಾನು ಮೌಸಿನ ಮನುಷ್ಯ. ಪ್ರತಿಯೊಂದಕ್ಕೂ ಮೌಸು ಹಿಡಿದು ಪರದೆಯ ಮೇಲ್ತುದಿಗೆ ಹೋಗಿ, ಮೆನು ತೆರೆದು, ಪಟ್ಟಿಯಲ್ಲಿ ಕೆಳಗಿಳಿದು, ಬೇಕಾದದ್ದನ್ನು ಒತ್ತಿ, ತಿರುಗಿ ಬರುವವನು. ಒಂದು ಗೆರೆಯನ್ನು ಹಾಳೆಯ ನಡುವೆ ತರಲು ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ಸೂಜಿಗೆ ದಾರ ಪೋಣಿಸುವವನಂತೆ ಕೂರುತ್ತಿದ್ದೆ. ಅಕ್ಕೋರು ಪಿ ಎಂಬ ಒಂದು ಅಕ್ಷರ ಒತ್ತುತ್ತಿದ್ದರು, ಗೆರೆ ತಾನಾಗಿ ನಡುವೆ ಬಂದು ನಿಲ್ಲುತ್ತಿತ್ತು.

ಮಾಲಕರು ಹಿಂದೆ ನಿಂತು ನೋಡಿ ನಗುತ್ತಿದ್ದರು. "ಏನ್ರೀ, ನಿಮ್ಮ ಮೌಸು ಅಕ್ಕೋರ ಬಸ್ಸಿಗಿಂತ ಜಾಸ್ತಿ ಓಡ್ತದಲ್ಲ. ಅವರು ಕಮಲಾಪುರಕ್ಕ ಹೋಗಿ ಬರೋದ್ರಾಗ ನೀವು ಫೈಲ್ ಮೆನುಕ್ಕ ಹೋಗಿ ಬರ್ತೀರಿ."

ನಾನೂ ನಗುತ್ತಿದ್ದೆ. ಆದರೆ ಒಂದು ದಿನ ಮಾಲಕರು ಫೋನಿನಲ್ಲಿ ಯಾರಿಗೋ, "ಜಲ್ದಿ ಕೈ ಇರೋ ಆಪರೇಟರ್ ಯಾರರೆ ಇದ್ರ ಹೇಳ್ರಿ" ಎಂದದ್ದು ಕೇಳಿಸಿತು. ಮೂರನೇ ಕಂಪ್ಯೂಟರು ತರುವ ವಿಚಾರವಿತ್ತಂತೆ, ಆಮೇಲೆ ತಿಳಿಯಿತು. ಆಗ ನನಗೆ ತಿಳಿದದ್ದು ಬೇರೆ. ಕೆಲಸ ಹೋಯಿತು, ನಲವತ್ತರ ವಯಸ್ಸಿಗೆ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ, ಮಗಳ ಶಾಲೆ ಬಿಡಿಸಬೇಕು, ಮಾವನ ಮುಂದೆ ತಲೆ ತಗ್ಗಿಸಬೇಕು. ಇಷ್ಟನ್ನು ಮಾಲಕರು ಫೋನ್ ಇಡುವಷ್ಟರಲ್ಲಿ ಚಿಂತಿಸಿ ಮುಗಿಸಿದ್ದೆ. ಕೆಲಸದಲ್ಲಿ ನಿಧಾನವಾದರೂ ಚಿಂತೆಯಲ್ಲಿ ನಾನು ಬಲು ಚುರುಕು.

ಮರುದಿನ ಅಕ್ಕೋರ ಪಕ್ಕಕ್ಕೆ ಹೋಗಿ ಮೆಲ್ಲಗೆ, "ಅಕ್ಕೋರ, ಜರಾ ನನಗೂ ಆ ಕೀಲಿಗಳನ್ನ ಹೇಳಿಕೊಡ್ರಿ" ಎಂದೆ.

ಅವರು ಕೈ ಚಾಚಿದರು. "ಮೌಸ್ ಕೊಡ್ರಿ."

ಕೊಟ್ಟೆ. ಹಿಂದಿನಿಂದ ವೈರು ಕಿತ್ತು, ಸುತ್ತಿ, ತಮ್ಮ ಬುತ್ತಿಯ ಚೀಲದಲ್ಲಿ ಹಾಕಿಕೊಂಡರು. "ಊಟದ ತನಕ ಇದು ನಂದು."

"ಮೌಸಿಲ್ಲದ ಹ್ಯಾಂಗ್ರಿ?"

"ಅಣ್ಣಾರ, ಬಲಗೈ ಗಂಡಸಿದ್ದಂಗ. ಊರೆಲ್ಲಾ ತಿರಗ್ತದ, ಭಾಳ ಕೆಲಸ ಮಾಡೀನಿ ಅಂತದ. ಎಡಗೈ ಹೆಂಗಸು. ಕುಂತಲ್ಲೇ ಮನಿ ನಡಸ್ತದ. ನಿಮ್ಮ ಎಡಗೈ ಇಷ್ಟು ದಿನ ತೊಡಿ ಮ್ಯಾಲ ಮಕ್ಕೊಂಡದ. ಎಬ್ಬಸ್ರಿ ಅದನ್ನ."

ದಿನಕ್ಕೆ ಐದು ಕೀಲಿ. ಹತ್ತು ಕಲಿತರೆ ಒಂದು ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆ, ಗಿಡ್ಡಗೆ ದಪ್ಪಗೆ ಇರುತ್ತದಲ್ಲ, ಅದು. ಪಾಠ ತಪ್ಪಿದರೆ ಹಣ್ಣು ಮಾಲಕರಿಗೆ ಹೋಗುತ್ತಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ, "ಮಂಗ್ಯಾಗ ಕುಣಿಯೋದು ಕಲಸಿದಂಗ ಆತು" ಎಂದಳು. ಆದರೂ ಕಲಿತೆ. ಎಲ್ ಒತ್ತಿದರೆ ಎಲ್ಲವೂ ಎಡಕ್ಕೆ, ಆರ್ ಒತ್ತಿದರೆ ಬಲಕ್ಕೆ, ಸಿ ಒತ್ತಿದರೆ ಒಂದರ ಕೆಳಗೊಂದು ನೆಟ್ಟಗೆ. ಎಫ್ ನಾಲ್ಕು ಒತ್ತಿದರೆ ಚದುರಿದ್ದೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಅಕ್ಕೋರು ಬಸ್ಸಿನಲ್ಲಿ ಬರುವಾಗಲೂ ಬುತ್ತಿಚೀಲದ ಮೇಲೆ ಬೆರಳಾಡಿಸುತ್ತಿದ್ದರಂತೆ. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು, "ಯಾಕವ್ವಾ, ಕೈ ಜೋಮು ಹಿಡದದೇನು?" ಎಂದು ಕೇಳಿ ತಿಕ್ಕಲು ಹೋಗಿದ್ದಳಂತೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಮಾಲಕರು ಏನಾದರೂ ಒಡ್ಡೊಡ್ಡಾಗಿ ಮಾತಾಡಿದರೆ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಎಡಗೈಯ ಎರಡು ಬೆರಳನ್ನು ಟೇಬಲ್ ಮೇಲೆ ಟಪ್ಪೆನಿಸುತ್ತಿದ್ದರು. ಕಂಟ್ರೋಲ್ ಜೆಡ್. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೀಲಿ. ಮಾಲಕರಿಗೂ ಇದು ಗೊತ್ತಾಗಿಹೋಗಿತ್ತು. "ಆತು ಬಿಡ್ರಿ, ವಾಪಸ್ ತಗೊಂಡೆ" ಎನ್ನುತ್ತಿದ್ದರು.

ಕಂಟ್ರೋಲ್ ಎಸ್ ಪಾಠ ಮಾತ್ರ ವಾರಗಟ್ಟಲೆ ನಡೆಯಿತು. ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ನಮ್ಮ ಬ್ಯಾಟರಿಯೋ ಎರಡು ನಿಮಿಷದ ಗಿರಾಕಿ. "ಎರಡು ಗೆರಿ ಎಳದ್ರ ಒಂದ್ ಸಲ ಒತ್ತಬೇಕು. ನೆಪ್ಪಿಟ್ಟು ಒತ್ತೋದಲ್ರಿ. ಉಸಿರು ನೆಪ್ಪಿಟ್ಟು ತಗೋತೀರೇನು? ಕೈ ತಾನs ಒತ್ತಬೇಕು." ನಾನು ಮರೆತಾಗಲೆಲ್ಲ ಪಕ್ಕದಿಂದ, "ಉಸಿರು" ಎನ್ನುತ್ತಿದ್ದರು. ಮೂರು ತಿಂಗಳಿಗೆ ನನ್ನ ಕೈ ತಾನೇ ಉಸಿರಾಡತೊಡಗಿತು.

ಅವರ ವೇಗಕ್ಕೂ ನನ್ನ ವೇಗಕ್ಕೂ ಒಂದು ವ್ಯತ್ಯಾಸವಿತ್ತು, ಆಗ ನನಗೆ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂರುತ್ತಿದ್ದರು. ಏನೂ ಒತ್ತುತ್ತಿರಲಿಲ್ಲ. ನಾನೊಮ್ಮೆ, "ಮುಗದದಲ್ರಿ, ಇನ್ನೇನ್ ನೋಡ್ತೀರಿ?" ಎಂದು ಕೇಳಿದೆ.

"ಜಲ್ದಿ ಮಾಡೋದು ಜಲ್ದಿ ಏಳಾಕಲ್ರಿ ಅಣ್ಣಾರ. ಉಳದ ಟೈಮಿನ್ಯಾಗ ಎರಡ ಸಲ ನೋಡಾಕ."

ನಾನು ತಲೆಯಾಡಿಸಿ ಮುಂದಿನ ಕಾರ್ಡು ಕೈಗೆತ್ತಿಕೊಂಡೆ.

ಒಂದೇ ಒಂದು ಕೀಲಿಯನ್ನು ಅವರು ನನಗೆ ಕಲಿಸಲಿಲ್ಲ. ಒಂದು ದಿನ ಹಳೆಯ ಕಡತಗಳನ್ನು ಅಳಿಸುತ್ತಿದ್ದರು. ಸಾಮಾನ್ಯವಾಗಿ ಅಳಿಸಿದ್ದು ಪರದೆಯ ಮೂಲೆಯ ಕಸದಬುಟ್ಟಿಯಲ್ಲಿ ಬಿದ್ದಿರುತ್ತದೆ, ಬೇಕೆಂದರೆ ಎತ್ತಿಕೊಳ್ಳಬಹುದು. ಅವರು ಅಳಿಸಿದ್ದು ಬುಟ್ಟಿಗೂ ಬೀಳದೆ ಮಾಯವಾಯಿತು. ಅದು ಹೇಗೆ ಎಂದು ಕೇಳಿದೆ.

"ಅದು ನಿಮಗ ಬ್ಯಾಡ."

"ಯಾಕ್ರಿ? ಬಾಳೆಹಣ್ಣು ಬ್ಯಾಡ, ಹಂಗs ಹೇಳ್ರಿ."

"ಅದರ ಹಿಂದ ಕಂಟ್ರೋಲ್ ಜೆಡ್ ಹೋಗಂಗಿಲ್ಲ. ನೀವು ಮೊದಲs ಫಿಕರ್ ಮಾಡೋರು. ಒತ್ತಿದ ಮ್ಯಾಲ ಅನ್ನ ಸೇರಂಗಿಲ್ಲ ನಿಮಗ."

ಅವರ ಬೆರಳನ್ನೇ ನೋಡುತ್ತ ಕುಳಿತು ನಾನು ಅದನ್ನು ಕದ್ದು ಕಲಿತೆ. ಶಿಫ್ಟ್ ಡಿಲೀಟ್. ಯಾರೂ ಹೇಳಿಕೊಡದೆ ನನ್ನಷ್ಟಕ್ಕೆ ಕಲಿತ ಒಂದೇ ವಿದ್ಯೆ ಅದು.

ಇನ್ನು ಆ ಫೈಲಿನ ಮಾತು. ಮಧ್ಯಾಹ್ನ ರೊಟ್ಟಿ ತಿಂದು, ಕೈ ತೊಳೆದು, ಅಕ್ಕೋರು ಕಾಲು ಗಂಟೆ ತಮ್ಮ ಸ್ವಂತದ್ದೊಂದು ಕೆಲಸ ಮಾಡುತ್ತಿದ್ದರು. ಅವರ ಅವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ ಹೊದಿಕೆ ಹೊಲಿಯುವುದರಲ್ಲಿ ಕಮಲಾಪುರದಲ್ಲೇ ಅವಳ ಕೈ ಹೆಸರುವಾಸಿಯಂತೆ. ಆದರೆ ಕೌದಿಯೆಂದರೆ ಸವೆಯುವ ವಸ್ತು. ಸವೆದ ಮೇಲೆ ಅದನ್ನೇ ಒಳಪದರ ಮಾಡಿ ಮೇಲೆ ಹೊಸ ತುಂಡು ಹೊಲಿಯುತ್ತಾರೆ. ಹಾಗಾಗಿ ಅವ್ವ ಪ್ರಾಯದಲ್ಲಿ ಹೊಲಿದ ಒಂದು ಕೌದಿಯೂ ಈಗ ಕಣ್ಣಿಗೆ ಕಾಣುವಂತಿರಲಿಲ್ಲ. ಎಲ್ಲ ಇನ್ನೊಂದರ ಹೊಟ್ಟೆಯಲ್ಲಿ ಸೇರಿದ್ದವು. ಅವ್ವನ ತಲೆಯಲ್ಲಿ ಮಾತ್ರ ಇದ್ದವು. ಯಾವುದಕ್ಕೆ ನಡುವೆ ಏನಿತ್ತು, ಅಂಚಿಗೆ ಏನಿತ್ತು, ಯಾರ ಸೀರೆಯ ತುಂಡು ಯಾವ ಮೂಲೆಗೆ ಬಂದಿತ್ತು, ಎಲ್ಲ. ಸಂಜೆ ಅವ್ವ ಹೇಳುವುದು, ಅಕ್ಕೋರು ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡು ಬರುವುದು, ಮಧ್ಯಾಹ್ನ ಕಂಪ್ಯೂಟರಿನಲ್ಲಿ ಬಿಡಿಸುವುದು. ಒಂದು ಕೌದಿಗೆ ಒಂದು ಪುಟ. ಫೈಲಿನ ಹೆಸರು 'ಅವ್ವ'. ನಾನು ನೋಡುವ ಹೊತ್ತಿಗೆ ಮೂವತ್ತು ಪುಟ ದಾಟಿತ್ತು.

"ಎಲ್ಲಾ ಮುಗದ ಮ್ಯಾಲ ಪ್ರಿಂಟ್ ತಗದು, ಪುಸ್ತಕ ಮಾಡಿ ಅವ್ವನ ಕೈಯಾಗ ಇಡ್ತೀನ್ರಿ. ಕಣ್ಣು ಇನ್ನಾ ಜರಾ ಕಾಣ್ತಾವ. ಅಷ್ಟರಾಗ ಆಗಬೇಕು." ಪರದೆಯ ಮೇಲಿನ ತುಂಡೊಂದನ್ನು ಸರಿಸಿ, "ಕಣ್ಣಿಗಿಂತ ನೆಪ್ಪು ಜಲ್ದಿ ಹೊಂಟದ. ಮೊನ್ನಿ ನನಗs ಯಾರ ಮಗಳವಾ ನೀ ಅಂದ್ಲು" ಎಂದರು.

ಇನ್ನೊಂದು ಪ್ರತಿ ಇಟ್ಟಿದ್ದೀರಾ ಎಂದು ನಾನು ಕೇಳಿದ್ದೆ. ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬರುತ್ತದೆಂದು ಮಾಲಕರು ಅದನ್ನು ಚುಚ್ಚುವ ಜಾಗಕ್ಕೆಲ್ಲ ಟೇಪು ಸುತ್ತಿಬಿಟ್ಟಿದ್ದರು. ಸ್ವಂತ ಕೆಲಸಕ್ಕೆ ಟೇಪು ಬಿಚ್ಚಿರಿ ಎಂದು ಕೇಳಲು ಅಕ್ಕೋರಿಗೆ ಸಂಕೋಚ. "ಊರಿಗೆಲ್ಲಾ ಬುದ್ಧಿ ಹೇಳಾಕಿ, ನಂದs ಒಂದು ಕಾಪಿ ಇಲ್ಲ ನೋಡ್ರಿ" ಎಂದು ನಕ್ಕಿದ್ದರು.

ಅವ್ವನ ಕಣ್ಣು ತೋರಿಸಲೆಂದು ಅಕ್ಕೋರು ಎರಡು ದಿನ ರಜೆ ಹಾಕಿದರು. ಲಗ್ನದ ಸುಗ್ಗಿ. ಅದೇ ದಿನ ನನ್ನ ಕಂಪ್ಯೂಟರು ಎದ್ದೇಳಲಿಲ್ಲ. ಅಕ್ಕೋರ ಕಂಪ್ಯೂಟರಿನ ಮುಂದೆ ಕುಳಿತೆ. ಬೆನ್ನ ಹಿಂದೆ ಮದುಮಗಳ ಸೋದರಮಾವ ನಿಂತಿದ್ದ.

"ಎಲ್ಲಾರ ಕಾರ್ಡಿನಂಗ ಬ್ಯಾಡ್ರಿ. ಅಂಚು ಬ್ಯಾರೇನs ಇರಬೇಕು. ನೋಡಿದವರು ಎಲ್ಲಿ ಮಾಡಿಸೀರಿ ಅಂತ ಕೇಳಬೇಕು."

ನನಗೆ ಥಟ್ಟನೆ ನೆನಪಾಯಿತು. 'ಅವ್ವ' ಫೈಲಿನ ಒಂದು ಪುಟದಲ್ಲಿ ಒಂದು ಅಂಚಿತ್ತು. ಕೆಂಪು, ಹಸಿರು, ಮೂರು ಮೂಲೆಯ ತುಂಡುಗಳು ಒಂದಕ್ಕೊಂದು ಎದುರಾಗಿ ಕುಳಿತು ಸುತ್ತಲೂ ಓಡುತ್ತವೆ. ಮೂಲೆಯಲ್ಲಿ ಮಾತ್ರ ಒಂದು ಹಳದಿ ಚೌಕ. ತೆರೆದೆ. ಮಾಡಬೇಕಾದದ್ದು ಇಷ್ಟೇ. ಆ ಅಂಚನ್ನು ನಕಲು ಮಾಡಿಕೊಂಡು, ಹೊಸ ಹಾಳೆ ತೆರೆದು, ಅಲ್ಲಿ ಇಡುವುದು. ಮೂರು ಕೀಲಿಯ ಕೆಲಸ. ಮೂರೂ ನನಗೆ ಬರುತ್ತಿದ್ದವು, ಮೂರಕ್ಕೂ ಹಣ್ಣು ತಿಂದಿದ್ದೆ. ಆದರೆ ಸೋದರಮಾವ ಬಗ್ಗಿ ನೋಡುತ್ತಿದ್ದ. ನನಗೆ ಕೈಚಳಕ ತೋರಿಸುವ ಹುಕಿ. ಬೇಡದ ಪುಟಗಳನ್ನು ಅಲ್ಲೇ ತೆಗೆದೆ, ನಡುವಿನ ಚಿತ್ತಾರವನ್ನು ಅಲ್ಲೇ ತೆಗೆದೆ, ಖಾಲಿಯಾದ ಜಾಗದಲ್ಲಿ ವಧೂವರರನ್ನು ಕೂರಿಸಿದೆ. ಕೊನೆಗೆ ಬೇರೆ ಹೆಸರಿನಲ್ಲಿ ಉಳಿಸಿದರಾಯಿತು ಎಂದುಕೊಂಡಿದ್ದೆ.

ಅಷ್ಟರೊಳಗೆ ಕೈ ಉಸಿರಾಡಿತ್ತು.

ನಾವು ಬಳಸುವ ಡಿಸೈನ್ ಸಾಫ್ಟ್‌ವೇರು ತಕ್ಕಮಟ್ಟಿಗೆ ದಯಾಳು. ಒಂದು ಸಲ ಸೇವ್ ಮಾಡಿದರೆ ಅದರ ಹಿಂದಿನ ರೂಪವನ್ನು ಪಕ್ಕದಲ್ಲಿ ಬ್ಯಾಕಪ್ ಎಂದು ಇಟ್ಟಿರುತ್ತದೆ. ಎರಡನೇ ಸಲ ಮಾಡಿದರೆ ಆ ಬ್ಯಾಕಪ್ಪಿನ ಮೇಲೂ ಹೊಸದು ಕೂರುತ್ತದೆ. ನಾನು ಎಷ್ಟು ಸಲ ಒತ್ತಿದೆನೋ ದೇವರಿಗೇ ಗೊತ್ತು. ಅಷ್ಟು ಚೆನ್ನಾಗಿ ಕಲಿಸಿದ್ದರು.

"ಏನ್ ಕೈರೀ ನಿಮ್ದು. ಮಶೀನ್ ಇದ್ದಂಗ" ಎಂದ ಸೋದರಮಾವ. ಮಾಲಕರು ಕೇಳಿಸಿಕೊಂಡರು ಎಂಬುದನ್ನು ಓರೆಗಣ್ಣಿನಿಂದ ಖಾತ್ರಿ ಮಾಡಿಕೊಂಡು ಫೈಲು ಮುಚ್ಚಿದೆ. ಮುಚ್ಚಿದ ಮೇಲೆ ಕಂಟ್ರೋಲ್ ಜೆಡ್ಡಿಗೂ ದಾರಿಯಿಲ್ಲ.

ಬೇರೆ ಹೆಸರು ಕೊಡದೆಯೇ ಉಳಿಸಿಬಿಟ್ಟೆ ಎಂದು ನೆನಪಾದದ್ದು ಸಂಜೆ, ಊಟಕ್ಕೆ ಕುಳಿತಾಗ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಓಣಿಯ ತುದಿಯಿಂದ ಮೂರು ಸಲ ಮನೆಗೆ ಮರಳುವ ಮನುಷ್ಯ ನಾನು. ಅಷ್ಟು ವರ್ಷ ಮಾಡಿದ ಚಿಂತೆಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಇದು ನಿಜವಾಗುತ್ತದೆಂದು ತುತ್ತು ಬಾಯಲ್ಲಿರುವಾಗಲೇ ಗೊತ್ತಾಯಿತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಸಿದೆ. 'ಅವ್ವ' ಒತ್ತಿದೆ. ಒಂದು ಲಗ್ನಪತ್ರಿಕೆ ತೆರೆದುಕೊಂಡಿತು. ಒಂದೇ ಪುಟ. ಬ್ಯಾಕಪ್ ಒತ್ತಿದೆ. ಅದೇ ಲಗ್ನಪತ್ರಿಕೆ.

ಇಲ್ಲಿಯತನಕದ್ದು ಕೈತಪ್ಪು. ಎಂಥವರಿಂದಲೂ ಆಗುತ್ತದೆ, ಅಕ್ಕೋರೂ ಹಾಗೇ ಅನ್ನುತ್ತಿದ್ದರೇನೋ. ಆಮೇಲೆ ಮಾಡಿದ್ದು ಕೈತಪ್ಪಲ್ಲ. ಆ ಫೈಲನ್ನು ಹಾಗೇ ಬಿಟ್ಟರೆ ತೆರೆದ ಕೂಡಲೇ ನನ್ನ ಕೆಲಸ ಎಂದು ತಿಳಿಯುತ್ತದೆ. ಫೈಲೇ ಇಲ್ಲದಿದ್ದರೆ ಯಾರ ಕೆಲಸವೂ ಅಲ್ಲ. ಲಗ್ನಪತ್ರಿಕೆಯನ್ನು ಬೇರೆ ಹೆಸರಿನಲ್ಲಿ ನನ್ನ ಕಡತಕ್ಕೆ ಹಾಕಿಕೊಂಡೆ. ಆಮೇಲೆ 'ಅವ್ವ' ಮತ್ತು ಅದರ ಬ್ಯಾಕಪ್ಪು, ಎರಡನ್ನೂ ಆಯ್ದು, ಅಕ್ಕೋರು ಕಲಿಸದೆ ಬಿಟ್ಟ ಆ ಕೀಲಿ ಒತ್ತಿದೆ. ಖಾತ್ರಿಯೇ ಎಂದು ಕಂಪ್ಯೂಟರು ಒಮ್ಮೆ ಕೇಳಿತು. ಹೌದು ಎಂದೆ.

ಅದರ ಮರುದಿನ ಹತ್ತಕ್ಕೆ ಐದು ನಿಮಿಷಕ್ಕೆ ಚಪ್ಪಲಿಯ ಸದ್ದಾಯಿತು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ರೊಟ್ಟಿ ತಿಂದು ಕೈ ತೊಳೆದು ಬಂದು ಕುಳಿತರು.

"ಅಣ್ಣಾರ, ಇಲ್ಲೊಂದು ಫೈಲಿತ್ತಲ್ಲ."

"ಯಾವ್ದ್ರಿ?"

ಯಾವುದು ಎಂದು ಕೇಳಬೇಕಾದ ಫೈಲಾಗಿರಲಿಲ್ಲ ಅದು. ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತು, "ಹುಡಕೋಣ ಬರ್ರಿ" ಎಂದೆ. ಹುಡುಕುವ ಕಿಟಕಿ ತೆರೆಯಲು ಅವರೇ ಕಲಿಸಿದ ಕೀಲಿ ಒತ್ತಿದೆ. 'ಅವ್ವ' ಎಂದು ನಾನೇ ಟೈಪು ಮಾಡಿದೆ. ಏನೂ ಸಿಗಲಿಲ್ಲ ಎಂದು ಬಂದಾಗ ಅಯ್ಯೋ ಎಂದವನೂ ನಾನೇ.

"ವೈರಸ್ ತಿಂದಿರಬೇಕು ಅಕ್ಕೋರ" ಎಂದರು ಮಾಲಕರು. "ಈ ಊರ ಬಿಸಲಾಗ ಮನಷ್ಯಾರs ಉಳಿಯಂಗಿಲ್ಲ, ಫೈಲ್ ಉಳಿತದೇನು."

ಅಕ್ಕೋರು ಕಸದಬುಟ್ಟಿ ತೆರೆದರು. ಆರು ತಿಂಗಳ ಕಸ ಅಲ್ಲಿತ್ತು. ಒಂದೊಂದಾಗಿ ಕೆಳಗಿನ ತನಕ ನೋಡಿದರು.

"ಬುಟ್ಟ್ಯಾಗೂ ಇಲ್ಲ" ಎಂದರು, ನನಗಲ್ಲ, ಪರದೆಗೆ. ಎಡಗೈ ಟೇಬಲ್ ಮೇಲಿತ್ತು. ಎರಡು ಬೆರಳು ಒಮ್ಮೆ ಟಪ್ಪೆಂದವು. ಇನ್ನೊಮ್ಮೆ. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ನೋಡುವಂತೆ, ಖಾಲಿ ಪರದೆ ನೋಡುತ್ತ ಕುಳಿತರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಕಂಪ್ಯೂಟರ್ ಕೆಟ್ಟಿತ್ತಂತ. ರಿಪೇರಿ ಆತೇನ್ರಿ?"

"ಆತ್ರಿ."

"ಚಲೋ ಆತು."

ಅಷ್ಟೇ. ಅಂದೂ ಅಷ್ಟೇ, ಮುಂದೆಂದೂ ಅಷ್ಟೇ. ಗೊತ್ತಾಗಿತ್ತೇ? ಬುಟ್ಟಿಗೂ ಬೀಳದಂತೆ ಅಳಿಸುವುದು ಆ ಕೋಣೆಯಲ್ಲಿ ಅವರೊಬ್ಬರಿಗೆ ಮಾತ್ರ ಬರುತ್ತದೆಂದು ಅವರು ತಿಳಿದಿದ್ದರು. ತಾವು ಮಾಡಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಮುಂದಿನ ಲೆಕ್ಕ ಹಾಕದಿರುವಷ್ಟು ದಡ್ಡರಲ್ಲ ಅವರು.

ಒಂದು ವಾರ ಬಿಟ್ಟು ನಾನು ಬಾಯಿಬಿಟ್ಟು, "ಅವ್ವನ ಕೇಳಿ ಮತ್ತ ಬಿಡಸ್ರಿ ಅಕ್ಕೋರ" ಎಂದೆ. ಎಂಥ ಎದೆ ನನ್ನದು.

"ಕೇಳೀನ್ರಿ. ನಿನ್ನಿ ಕೆಂಪು ಅಂದದ್ದು ಇವತ್ತು ಹಸರು ಅಂತಾಳ. ನಾಳಿಗಿ ಕೌದಿನs ಹೊಲದಿಲ್ಲ ಅಂತಾಳ."

ಪಾಠ ನಿಲ್ಲಿಸಿದರೇ ಎಂದರೆ ಅದೂ ಇಲ್ಲ. ಹೊಸ ಕೀಲಿ ಹೇಳಿಕೊಟ್ಟರು, ಬಾಳೆಹಣ್ಣು ಕೊಟ್ಟರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮಾತ್ರ ಪರದೆ ಆರಿಸಿ, ಕಿಟಕಿಯ ಬಳಿ ಕುಳಿತು, ಕೆಳಗೆ ಮಾರ್ಕೆಟ್ಟಿನ ಗದ್ದಲ ನೋಡುತ್ತಿದ್ದರು.

ಎಷ್ಟೋ ತಿಂಗಳ ಮೇಲೆ ಕಂಪ್ಯೂಟರ್ ರಿಪೇರಿಯವನೊಬ್ಬ ಬಂದಿದ್ದಾಗ, ಬೇರೆ ಯಾರದ್ದೋ ಸಂಗತಿ ಎಂಬಂತೆ, ಪೂರ್ತಿ ಅಳಿಸಿದ ಫೈಲು ಸಿಗುತ್ತದೆಯೇ ಎಂದು ಕೇಳಿದೆ. "ಅಳಿಸಿದ ದಿನಾನs ಹೇಳಿದ್ರ ಭಾಳ ಸಲ ಸಿಗ್ತದ್ರಿ. ಹಳೀದು ಅಲ್ಲೇ ಒಳಗ ಇರ್ತದ. ಅದರ ಮ್ಯಾಲ ಹೊಸಾದು ಬರಕೋತ ಹೋದಂಗ ಹೋಗಿಬಿಡ್ತದ" ಎಂದ. ಅವನಿಗೆ ಚಹಾ ತರಿಸಿ ನಾನು ಕೆಳಗೆ ಓಣಿಗಿಳಿದು ಸ್ವಲ್ಪ ಹೊತ್ತು ನಿಂತು ಬಂದೆ. ಆ ಕಂಪ್ಯೂಟರಿನಲ್ಲಿ 'ಅವ್ವ'ನ ಮೇಲೆ ಅಕ್ಕೋರೂ ನಾನೂ ಸೇರಿ ಒಂದು ಇಡೀ ಸುಗ್ಗಿಯ ಲಗ್ನಪತ್ರಿಕೆಗಳನ್ನು ಬರೆದುಬಿಟ್ಟಿದ್ದೆವು. ಅಕ್ಕೋರ ಕೈಯಿಂದಲೂ ಬರೆಸಿದ್ದೆ.

ಎರಡು ವರ್ಷಕ್ಕೆ ಅವರು ಕೆಲಸ ಬಿಟ್ಟರು. ಅವ್ವನನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಕಮಲಾಪುರದಲ್ಲೇ ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗಿಗೆ ಕುಳಿತರು. ಹೋಗುವ ದಿನ ತಮ್ಮ ಮೌಸನ್ನು ನನ್ನ ಟೇಬಲ್ ಮೇಲಿಟ್ಟು, "ಇನ್ನ ನೀವs ಇಟ್ಕೋರಿ" ಎಂದರು. ಬೀದರ ಕಡೆಗೆ ಹೋಗುವಾಗೆಲ್ಲ ನನ್ನ ಬಸ್ಸು ಕಮಲಾಪುರದಲ್ಲಿ ಐದು ನಿಮಿಷ ನಿಲ್ಲುತ್ತಿತ್ತು. ಕಿಟಕಿಯಿಂದ ಆ ಅಂಗಡಿಯ ಬೋರ್ಡು ಕಾಣುತ್ತಿತ್ತು. ಇಳಿಯಬೇಕು, ಹೇಳಬೇಕು, ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಪ್ರತಿ ಸಲವೂ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದೆ. ಬ್ಯಾಗು ಕಳುವಾದರೆ ಎಂಬ ಚಿಂತೆ ಒಮ್ಮೆ, ಅವರು ಅಂಗಡಿಯಲ್ಲಿ ಇಲ್ಲದಿದ್ದರೆ ಎಂಬ ಚಿಂತೆ ಇನ್ನೊಮ್ಮೆ. ಹತ್ತು ವರ್ಷ ಹೀಗೆ ಕಿಟಕಿಯ ಪಕ್ಕದ ಸೀಟಿನಲ್ಲೇ ಹೋಯಿತು. ಯುಗಾದಿಗೆ ಮಾತ್ರ ತಪ್ಪದೆ ಶುಭಾಶಯ ಕಳಿಸುತ್ತಿದ್ದೆ. ಅವರೂ ಕಳಿಸುತ್ತಿದ್ದರು.

ಒಂದೂವರೆ ತಿಂಗಳ ಹಿಂದೆ ಅವರ ತಮ್ಮನ ಫೋನು ಬಂತು. ಜ್ವರ ಎಂದು ಮಲಗಿದವರು ನಾಲ್ಕೇ ದಿನಕ್ಕೆ ಹೋಗಿದ್ದರು.

"ಮನಿ ಮುಂದ ಒಂದು ಬ್ಯಾನರ್ ಹಾಕಬೇಕ್ರಿ. ನೀವs ಮಾಡಿಕೊಡ್ರಿ. ಅಕ್ಕ ಯಾವಾಗ್ಲೂ ಅಂತಿದ್ಲು, ಕಲಬುರಗ್ಯಾಗ ಒಬ್ರು ಅಣ್ಣಾರು ಇದ್ದಾರ, ಈಗ ನನಗಿಂತ ಅವರ ಕೈ ಜಲ್ದಿ ಅಂತ."

ಆ ಬ್ಯಾನರನ್ನು ನಾನು ಮೌಸಿನಿಂದ ಮಾಡಿದೆ. ಪ್ರತಿಯೊಂದಕ್ಕೂ ಮೆನು ತೆರೆದು, ಪಟ್ಟಿಯಲ್ಲಿ ಇಳಿದು, ತಿರುಗಿ ಬಂದು. ಬೆಳಿಗ್ಗೆ ಕುಳಿತವನು ಮಧ್ಯಾಹ್ನ ಎದ್ದೆ. ಮಾಲಕರು ಹಿಂದೆ ಬಂದು ನಿಂತವರು ಏನೂ ನಗೆಯಾಡದೆ ಹೋದರು. ಹಳೆಯ ಕಡತದಿಂದ ಆ ಲಗ್ನಪತ್ರಿಕೆ ತೆಗೆದಿದ್ದೆ. ಅಕ್ಕೋರು ಬಿಡಿಸಿದ್ದರಲ್ಲಿ ಲೋಕದಲ್ಲಿ ಉಳಿದದ್ದು ಆ ಅಂಚೊಂದೇ. ವಧೂವರರನ್ನು ತೆಗೆದು ನಡುವೆ ಅಕ್ಕೋರ ಫೋಟೋ ಇಟ್ಟೆ. ಮುಗಿದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಎರಡು ಸಲ ನೋಡಿದೆ.

ಬ್ಯಾನರನ್ನು ಯಾರ ಕೈಯಲ್ಲೂ ಕಳಿಸಲಿಲ್ಲ. ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಅಕ್ಕೋರ ತಮ್ಮನಿಗಾದರೂ ಹೇಳಿಬಿಡಬೇಕೆಂದು ಮಹಾಗಾಂವ ದಾಟುವವರೆಗೆ ಮಾತು ಜೋಡಿಸಿದೆ. ಕಮಲಾಪುರದಲ್ಲಿ ಮೊದಲ ಸಲ ಇಳಿದೆ.

ತಮ್ಮ ನನ್ನಷ್ಟೇ ವಯಸ್ಸಾದವನಂತೆ ಕಂಡ. ಬ್ಯಾನರು ಬಿಚ್ಚಿ, ಪಡಸಾಲೆಯ ಗೋಡೆಗೆ ಎರಡು ಮೊಳೆಗೆ ಸಿಕ್ಕಿಸಿ ನೋಡಿದ. "ಛಂದ ಆಗ್ಯಾದ್ರಿ" ಎಂದ. ಎದುರಿಗೆ ಮಂಚದ ಮೇಲೆ ಅವ್ವ ಕುಳಿತಿದ್ದಳು, ಮೊಳಕಾಲ ಮೇಲೊಂದು ಕೌದಿ. "ಅಕ್ಕ ಹೋಗಿದ್ದು ಅವ್ವಗ ತಿಳದಿಲ್ರಿ. ಸಂಜಿ ಆತಂದ್ರ ಬಸ್ ಬಂತೇನ್ ನೋಡು ಅಂತಾಳ. ಕುಂದರ್ರಿ, ಚಾ ತರ್ತೀನಿ" ಎಂದು ಒಳಗೆ ಹೋದ.

ಅವ್ವ ಬ್ಯಾನರು ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿ, ಮೂಲೆಯ ಹಳದಿ ಚೌಕದಿಂದ ಶುರು ಮಾಡಿ, ಅಂಚಿನಗುಂಟ ಸುತ್ತ ಬಂದಳು.

"ಇದು ನಂದು" ಎಂದಳು.

"ಹೌದ್ರಿ ಅವ್ವಾ. ನಿಮ್ದs."

ಅಂಚಿನಿಂದ ಒಳಗೆ ಬಂದಳು. ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಡುವಿಂದು ಎಲ್ಲಿ ಹೋತು?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ. "ನಾನs ಅಳಿಸೀನ್ರಿ ಅವ್ವಾ" ಎಂದೆ. ಹನ್ನೆರಡು ವರ್ಷದಲ್ಲಿ ಅದು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಇಷ್ಟು ಸಣ್ಣ ಮಾತಾಗಿತ್ತು.

ಅವ್ವನಿಗೆ ಸಿಟ್ಟು ಬರಲಿಲ್ಲ. "ಹೋದ್ರ ಹೋತು. ಹರದದ್ದು ಮತ್ತ ಹೊಲೀಬೇಕು. ಹೇಳ್ತೀನಿ, ಕೇಳು" ಎಂದು ಕೈ ಎತ್ತಿದಳು. "ನಡುವ ಕೆಂಪು. ಅದರ ಬಾಜೂಕ..." ಕೈ ಗಾಳಿಯಲ್ಲಿ ನಿಂತಿತು. "ಬಾಜೂಕ ಏನಿತ್ತು?"

ನನ್ನನ್ನು ಕೇಳುತ್ತಿದ್ದಳು. ನಾನು ಆ ಪುಟ ನೋಡಿದ್ದೆ. ತಿಂಗಳುಗಟ್ಟಲೆ ಅವರ ಪಕ್ಕದಲ್ಲೇ ಕುಳಿತು ನೋಡಿದ್ದೆ. ನೆನಪಿದ್ದದ್ದು ನನ್ನ ಕೆಲಸಕ್ಕೆ ಬಂದ ಅಂಚು ಮಾತ್ರ.

ಕೈ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅವ್ವ ಮತ್ತೆ ಗೋಡೆಯ ಕಡೆ ನೋಡಿದಳು. "ಇದು ನಂದು. ನಡುವಿಂದು ಎಲ್ಲಿ ಹೋತು?" ಮತ್ತೆ ಹೇಳಿದೆ. ಮೂರನೇ ಸಲವೂ ಕೇಳಿದಳು, ಮೂರನೇ ಸಲವೂ ಹೇಳಿದೆ. ಆಗ ತಮ್ಮ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನನ್ನ ಮುಖ ನೋಡಿದ, ಬ್ಯಾನರು ನೋಡಿದ, ಕಪ್ಪು ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟ.

"ಚಾ ತಗೋರಿ" ಎಂದ. "ಆರ್ತದ."

ಅಂಗಿಯ ಜೇಬಿನಲ್ಲಿ ಬರುವಾಗಿನ ಬಸ್ಸಿನ ಟಿಕೆಟ್ಟಿತ್ತು. ಅದರ ಹಿಂದೆ ಪೆನ್ನಿನಲ್ಲಿ ಬರೆದುಕೊಂಡೆ. ನಡುವೆ ಕೆಂಪು. ಪಕ್ಕದ್ದು ಗೊತ್ತಿಲ್ಲ.